ಜಟಾಧಾರಿಯ ಮೇಲೆ ಬಂದ ಅಪವಾದ

ನಮ್ಮ ಸೀತಾಂಗೋಳಿಯಿಂದ ಮೂಡು ದಿಕ್ಕಿಗೆ ಹೋದರೆ ಎಣ್ಮಕಜೆ ಗ್ರಾಮ. ಪೆರ್ಲ, ಸ್ವರ್ಗ, ವಾಣೀನಗರ, ಪಡ್ರೆ ಎಲ್ಲ ಆ ಕಡೆಯ ಊರುಗಳು. ಅಲ್ಲಿ ಒಂದು ಕಾಲದಲ್ಲಿ ಹುಟ್ಟಿದ ಎಷ್ಟೋ ಮಕ್ಕಳಿಗೆ ಕೈಕಾಲು ಸೊಟ್ಟ, ಕೆಲವರಿಗೆ ಬುದ್ಧಿ ಬೆಳೆಯಲಿಲ್ಲ, ಕೆಲವರಿಗೆ ಅಪಸ್ಮಾರ. ಯಾಕೆ ಹೀಗೆ ಅಂತ ಕೇಳಿದರೆ, ಜಟಾಧಾರಿ ದೈವದ ಕೋಪ ಅಂತ ಜನ ಹೇಳುತ್ತಿದ್ದರು. ಇಂತಹದ್ದು ಬಂದರೆ ಜೋಯಿಸರಲ್ಲಿ ಪ್ರಶ್ನೆ ಇಡಿಸುವುದು, ನಾಗನಿಗೆ ತಂಬಿಲ ಕೊಡುವುದು, ಹರಕೆ ಹೊರುವುದು ನಮ್ಮ ಕಡೆಯ ವಾಡಿಕೆ. ದೈವದ ಕೋಪ ಅಂದ ಮೇಲೆ ತಪ್ಪು ಆ ಮನೆಯವರದ್ದೇ ಅಂತ ಆಯಿತು. ಹೆತ್ತ ತಾಯಿ ತಲೆ ತಗ್ಗಿಸಿ ಕೂತಳು.

ಅದೇ ಕಾಲದಲ್ಲಿ ಗುಡ್ಡೆಯ ಮೇಲೆ ಇನ್ನೊಂದು ಕೆಲಸ ನಡೆಯುತ್ತಿತ್ತು. ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಬಿಡುತ್ತಿತ್ತು. ಗೇರಿನ ಚಿಗುರು, ಹೂ ಹೀರುವ ಟೀ ಸೊಳ್ಳೆಯನ್ನು ಕೊಲ್ಲುವುದಕ್ಕೆ. 1970ರ ದಶಕದ ಕೊನೆಯಿಂದ 2000ದ ವರೆಗೆ ಇದು ನಡೆಯಿತು. ತೋಟ ಗುಡ್ಡೆಯ ತಲೆಯಲ್ಲಿ, ಮನೆಗಳು ಇಳಿಜಾರಿನಲ್ಲಿ. ಮೇಲೆ ಬಿದ್ದದ್ದು ಮಳೆಗೆ ಇಳಿದು ಬಂದು ಸೇರುವುದು ಕೆಳಗಿನ ತೋಡಿಗೆ, ಬಾವಿಗೆ.

ಮೊದಲು ಕಂಡದ್ದು ಹಟ್ಟಿಯಲ್ಲಿ. 1979ರ ಹೊತ್ತಿಗೆ ಕರುಗಳು ಕಾಲು ಸೊಟ್ಟವಾಗಿ ಹುಟ್ಟಿದ್ದನ್ನು ಕೃಷಿ ಪತ್ರಕರ್ತ ಶ್ರೀಪಡ್ರೆಯವರು ಪತ್ರಿಕೆಗೆ ಬರೆದರು. ಆಮೇಲೆ ವಾಣೀನಗರದ ಡಾಕ್ಟರು ವೈ. ಎಸ್. ಮೋಹನ ಕುಮಾರರು ಇಷ್ಟು ಸಣ್ಣ ಊರಿನಲ್ಲಿ ಇಷ್ಟು ಕಾಯಿಲೆ ಯಾಕೆ ಅಂತ ಕೇಳುತ್ತಾ ಹೋದರು. ಪೆರಿಯದಲ್ಲಿ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋಗಿ ಮದ್ದು ಬಿಡುವುದನ್ನು ನಿಲ್ಲಿಸಿದರು.

2001ರಲ್ಲಿ ದೆಹಲಿಯ ಒಂದು ಸಂಸ್ಥೆ ಪಡ್ರೆಯ ನೀರು, ಮಣ್ಣು, ಜನರ ರಕ್ತ ಪರೀಕ್ಷಿಸಿ ವಿಷ ಇದೆ ಅಂದಿತು. ಕಾರ್ಪೊರೇಶನ್ ಮಾಡಿಸಿದ ಪರೀಕ್ಷೆ ಇಲ್ಲ ಅಂದಿತು. ಎರಡೂ ವಿಜ್ಞಾನದ ಹೆಸರಿನ ಕಾಗದವೇ! ಹಾಗಾದರೆ ನಂಬುವುದು ಯಾವುದನ್ನು?

ಇದಕ್ಕೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಮಾಡಿದ ಕ್ರಮವನ್ನು ಮೇಷ್ಟ್ರುಗಳು ಮಕ್ಕಳಿಗೆ ಹೇಳಿಕೊಡಬೇಕು. ಮದ್ದು ಬಿದ್ದ ಊರಿನ 117 ಹುಡುಗರನ್ನು ನೋಡಿದರು. ಸುಮಾರು 20 ಕಿಲೋಮೀಟರ್ ದೂರದ, ಮದ್ದು ಬೀಳದ ಊರಿನ 90 ಹುಡುಗರನ್ನೂ ನೋಡಿದರು. ಅವರ ಬದುಕೂ ಹೆಚ್ಚು ಕಡಿಮೆ ಇವರ ಹಾಗೆಯೇ; ಇಲ್ಲದ್ದು ಹೆಲಿಕಾಪ್ಟರಿನ ಮದ್ದು. ಮದ್ದು ಬಿದ್ದ ಊರಿನ ಹುಡುಗರಲ್ಲಿ ಪ್ರಾಯಕ್ಕೆ ಬರುವುದು ತಡವಾಗಿತ್ತು, ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು. ಇದು 2003ರಲ್ಲಿ ಅಚ್ಚಾಯಿತು. ಒಬ್ಬೊಬ್ಬರ ಕಾಯಿಲೆಗೂ ಇದೇ ಕಾರಣ ಅಂತ ಇದರಿಂದ ಹೇಳಲು ಆಗುವುದಿಲ್ಲ, ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಆದರೆ ಕೇಳಬೇಕಾದ ಪ್ರಶ್ನೆ ಯಾವುದು ಅಂತ ಗೊತ್ತಾಯಿತು.

2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶಕ್ಕೇ ಈ ಮದ್ದನ್ನು ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳ ಸರಕಾರಕ್ಕೆ ಹೇಳಿತು. ದೈವದ ಕೋಪ ಅಂತಲೇ ನಾವು ಕೂತಿದ್ದರೆ ಯಾರ ಮೇಲೆ ದಾವೆ ಹೂಡುವುದು, ಯಾರಲ್ಲಿ ಪರಿಹಾರ ಕೇಳುವುದು?

ದೈವದ ಪಾಡ್ದನ ಹಾಡುವವನು ನಾನು. ವಿಜ್ಞಾನ ಬಂದರೆ ಭಕ್ತಿ ಹೋಗುತ್ತದೆ ಅಂತ ಹೆದರುವವರಿಗೆ ಹೇಳುವುದು ಇಷ್ಟೇ: ಇಲ್ಲಿ ಪರೀಕ್ಷೆಯಿಂದ ಜಟಾಧಾರಿಗೆ ನಷ್ಟ ಆಗಲಿಲ್ಲ, ಅವನ ಮೇಲಿದ್ದ ಅಪವಾದ ಕಳೆಯಿತು. ಆ ತಾಯಂದಿರ ಮೇಲಿದ್ದದ್ದೂ ಕಳೆಯಿತು. ಕೋಲ ನಡೆಯಲಿ. ಊರಿಗೆ ಕಾಯಿಲೆ ಬಂದ ದಿನ ಮಾತ್ರ ಮೊದಲು ನೀರು ಪರೀಕ್ಷೆಗೆ ಹೋಗಲಿ.