ಪಟ್ಟಿಯಲ್ಲಿ ಇಲ್ಲದ ಅಂಗಿ

ಬುಕ್ಕಾಂಬುಧಿ ಸುತ್ತಿನ ತೋಟಗಳು ಕೊಳವೆಬಾವಿಯನ್ನು ನಂಬಿವೆ, ಕೊಳವೆಬಾವಿ ಟಿ.ಸಿ.ಯನ್ನು, ಅಂದರೆ ಟ್ರಾನ್ಸ್‌ಫಾರ್ಮರನ್ನು, ನಂಬಿದೆ. ಫ್ಯೂಸ್ ಹೋದರೆ ವಿದ್ಯುತ್ ಕಂಪನಿ ಮೆಸ್ಕಾಂನ ಲೈನ್‌ಮನ್ ಬರಬೇಕು. ಫ್ಯೂಸ್ ಪೆಟ್ಟಿಗೆಯ ಮುಂದೆ ಅವನಿಗೆ ಎರಡು ಅಪಾಯಗಳಿವೆ: ಒಂದು, ಮುಟ್ಟಿದರೆ ಹೊಡೆಯುವ ಶಾಕ್, ಇನ್ನೊಂದು, ಮುಟ್ಟದೆಯೂ ಸುಡುವ ಆರ್ಕ್, ಅಂದರೆ ಗಾಳಿಯಲ್ಲೇ ಹಾರಿ ಉರಿಯುವ ವಿದ್ಯುತ್ ಕಿಡಿ. ಎರಡನೆಯದರ ಎದುರು ಅವನನ್ನು ಕಾಯಬೇಕಾದ್ದು ಮೈಮೇಲಿನ ಬಟ್ಟೆ. ಆ ಬಟ್ಟೆಯನ್ನು ನಾವು ಇಷ್ಟು ಕಾಲ ಕಡೆಗಣಿಸಿದ್ದಕ್ಕೆ ಹಣದ ಕೊರತೆಗಿಂತ, ವಿದ್ಯುತ್ ಎಂದರೆ ಶಾಕ್ ಎಂದಷ್ಟೇ ತಿಳಿದು ನಿಯಮ ಬರೆದದ್ದೇ ದೊಡ್ಡ ಕಾರಣ.

1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿದಾಗಿನಿಂದ ಈ ನಾಡಿಗೆ ತಂತಿಯ ಭಯ ಗೊತ್ತು. 1956ರ ಭಾರತೀಯ ವಿದ್ಯುತ್ ನಿಯಮಗಳ 36ನೆಯ ನಿಯಮ ಆ ಭಯಕ್ಕೆ ಉತ್ತರ ಕೊಟ್ಟಿತು. ತಂತಿಯ ಮೇಲೆ ಕೆಲಸ ಮಾಡುವವನಿಗೆ ಕೈಗವಸು, ರಬ್ಬರ್ ಬೂಟು, ಸೊಂಟದ ಬೆಲ್ಟು, ಏಣಿ, ಅರ್ಥಿಂಗ್ ಸಲಕರಣೆ, ಹೆಲ್ಮೆಟ್, ಟೆಸ್ಟರ್ ಮುಂತಾದವನ್ನು ಕೊಡಬೇಕೆಂದಿತು. ಒಳ್ಳೆಯ ಪಟ್ಟಿಯೇ, ಎಷ್ಟೋ ಜೀವ ಉಳಿಸಿದೆ. ಆದರೆ ಕೈ, ಕಾಲು, ತಲೆ, ಸೊಂಟ ಎಲ್ಲವನ್ನೂ ನೆನೆದ ಅದು ಎದೆ, ತೋಳುಗಳ ಮೇಲಿನ ಅಂಗಿಯನ್ನು ಹೆಸರಿಸಲಿಲ್ಲ. ರಬ್ಬರ್ ಕೈಗವಸಿಗೆ ಐ.ಎಸ್. 4770 ಎಂಬ ಮಾನಕ 1968ರಲ್ಲೇ ಬಂತು. ಅಂಗಿಯ ಈ ಮರೆವು ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ರಾಲ್ಫ್ ಲೀ ಎಂಬ ಎಂಜಿನಿಯರ್ ಆರ್ಕ್ ಸುಡುವ ಬಗೆಯನ್ನು ಲೆಕ್ಕ ಹಾಕಿ ಪ್ರಬಂಧ ಬರೆದದ್ದು 1982ರಲ್ಲಿ. ಚದರ ಸೆಂಟಿಮೀಟರಿಗೆ 1.2 ಕ್ಯಾಲರಿ ಶಾಖ ಬಿದ್ದರೆ ಚರ್ಮದಲ್ಲಿ ಬೊಬ್ಬೆ ಏಳುತ್ತದೆ ಎಂಬ ಅಂಕಿ ಆಮೇಲೆ ಹಲವು ಮಾನಕಗಳ ಬುಡವಾಯಿತು. 1994ರಲ್ಲಿ ಅಲ್ಲಿನ ಸರ್ಕಾರ, ಕರಗಿ ಗಾಯ ಹೆಚ್ಚಿಸುವ ಬಟ್ಟೆಯನ್ನು ಲೈನ್ ಕೆಲಸಗಾರರು ತೊಡಬಾರದೆಂದು ನಿಯಮ ಮಾಡಿತು.

ನಮ್ಮಲ್ಲಿ ಬಟ್ಟೆಯ ಕಥೆ ತಿರುಗುಮುರುಗಾಗಿ ಸಾಗಿತು. ಹಳೆಯ ಹತ್ತಿಯ ಖಾಕಿ ಬೆಂಕಿ ಹಿಡಿದರೂ ಕರಗುತ್ತಿರಲಿಲ್ಲ. ಒಗೆದು ಒಣಗಿಸಲು ಸುಲಭ, ಇಸ್ತ್ರಿ ನಿಲ್ಲುತ್ತದೆ ಎಂದು ಟೆರಿಕಾಟ್ ಖಾಕಿ ಬಂತು. ಅದರಲ್ಲಿರುವ ಪಾಲಿಯೆಸ್ಟರ್ ಆರ್ಕ್‌ನ ಶಾಖಕ್ಕೆ ಕರಗಿ, ಬಿಸಿ ಬೆಲ್ಲದ ಪಾಕದಂತೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ನೋಡಲು ಶಿಸ್ತಾದ ಸಮವಸ್ತ್ರ ಗಾಯವನ್ನು ಆಳ ಮಾಡುವ ಈ ಸ್ಥಿತಿ ನನ್ನನ್ನು ಕಾಡುತ್ತದೆ.

ಲೈನ್ ಆಫ್ ಮಾಡಿಯೇ ಕೆಲಸ ಮಾಡಿದರೆ ಬಟ್ಟೆಯ ಮಾತೇಕೆ ಎಂದು ಕೇಳುವವರಿದ್ದಾರೆ. ಆಫ್ ಮಾಡುವುದೇ ಮೊದಲ ರಕ್ಷಣೆ, ನಿಜ. ಆದರೆ ಸ್ವಿಚ್ ಎಳೆಯುವಾಗ, ತಂತಿ ಸತ್ತಿದೆಯೇ ಎಂದು ಪರೀಕ್ಷಿಸುವಾಗ, ಅರ್ಥ್ ಮಾಡುವಾಗ ಅದನ್ನು ಜೀವಂತವೆಂದೇ ಎಣಿಸಬೇಕು. ಯಾರದೋ ಜನರೇಟರ್ ಹಿಮ್ಮುಖವಾಗಿ ಕರೆಂಟ್ ತಳ್ಳುತ್ತಿರಬಹುದು. ಬಯಲುಸೀಮೆಯ ಬಿಸಿಲಿಗೆ ದಪ್ಪ ಬಟ್ಟೆ ಹಿಂಸೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ತೊಡಲಾಗದ ಅಂಗಿ ಯಾರನ್ನೂ ಕಾಯದು. ಅದಕ್ಕೇ ಬಾಂಬ್ ದಳದವರಂಥ ಕವಚವನ್ನು ಯಾರೂ ಕೇಳಬೇಕಿಲ್ಲ. ಬೆಂಕಿ ಹಿಡಿಯದಂತೆ ಸಂಸ್ಕರಿಸಿದ ಹತ್ತಿಯ ಒಂದೇ ಪದರದ ಅಂಗಿಯೂ ಸಿಗುತ್ತದೆ.

ಇನ್ನುಳಿದದ್ದು, ಹಳ್ಳಿಯ ಟಿ.ಸಿ.ಯಲ್ಲಿ ಅಷ್ಟು ದೊಡ್ಡ ಆರ್ಕ್ ಎಲ್ಲಿಂದ ಬರಬೇಕು ಎಂಬ ಮಾತು. ಲೆಕ್ಕ ಹಾಕೋಣ. 100 ಕೆ.ವಿ.ಎ. ಟಿ.ಸಿ. 433 ವೋಲ್ಟಿನಲ್ಲಿ ಕೊಡುವ ಪೂರ್ಣ ಕರೆಂಟ್ 133 ಆಂಪಿಯರ್. ಅದರ ಇಂಪಿಡೆನ್ಸ್ (ಒಳತಡೆ) ಸೇಕಡಾ 4.5 ಎಂದು ಹಿಡಿದರೆ, ಪೆಟ್ಟಿಗೆಯಲ್ಲೇ ಮೂರೂ ಫೇಸ್ ಶಾರ್ಟ್ ಆದಾಗ ಸುಮಾರು 3,000 ಆಂಪಿಯರ್ ಹರಿಯಬಲ್ಲದು. ಸುಡುವ ಶಕ್ತಿ ಆರ್ಕ್ ಉರಿಯುವ ಹೊತ್ತಿಗೆ ತಕ್ಕಂತೆ ಏರುತ್ತದೆ. ಪದೇ ಪದೇ ಹೋಗುತ್ತದೆಂದು ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಸುತ್ತಿದ್ದರೆ ಆ ಹೊತ್ತು ಲಂಬಿಸುತ್ತದೆ. ಬಟ್ಟೆಯ ಅಂತರರಾಷ್ಟ್ರೀಯ ಮಾನಕ ಐ.ಇ.ಸಿ. 61482ರ ಪೆಟ್ಟಿಗೆ ಪರೀಕ್ಷೆಯಲ್ಲಿ ಮೊದಲ ದರ್ಜೆಯ ಬಟ್ಟೆಯನ್ನು 400 ವೋಲ್ಟಿನ ಮೂಲದಲ್ಲಿ, 4,000 ಆಂಪಿಯರ್ ಕರೆಂಟಿಗೆ, 30 ಸೆಂಟಿಮೀಟರ್ ದೂರದಿಂದ, ಅರ್ಧ ಸೆಕೆಂಡ್ ಒಡ್ಡುತ್ತಾರೆ. ತೋಟದ ಅಂಚಿನ ಟಿ.ಸಿ. ಪೆಟ್ಟಿಗೆ ತೆರೆದು ಫ್ಯೂಸ್ ಹಾಕುವವನ ಎದೆಯೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿರುತ್ತದೆ.