ಸಫೊಕ್ ಸೀಮೆಯ ನಾಲ್ಕು ಊರುಗಳು

ಒಂದು ದೇಶದ ಚರಿತ್ರೆಯೆಂದರೆ ಅರಸರ ಯುದ್ಧಗಳೂ ರಾಜಧಾನಿಯ ವೈಭವವೂ ಎಂದು ಭಾವಿಸುವುದು ರೂಢಿ. ಆದರೆ ಪ್ರಜೆಗಳು ತಮ್ಮ ಊರಿನ ಆಡಳಿತವನ್ನು ತಾವೇ ನಡಸುವ ಹಕ್ಕನ್ನು ಎಂತು ಪಡೆದರು, ಎಂತು ಕಳೆದುಕೊಂಡರು ಎಂಬುದನ್ನು ತಿಳಿಯಬೇಕಾದರೆ ಸಣ್ಣ ಊರುಗಳ ಕಡೆಗೆ ನೋಡಬೇಕು. ಇಂಗ್ಲೆಂಡಿನ ಪೂರ್ವತೀರದಲ್ಲಿರುವ ಸಫೊಕ್ ಕೌಂಟಿಯು ಇದಕ್ಕೆ ಒಳ್ಳೆಯ ನಿದರ್ಶನ. ಸಫೊಕ್ ಎಂದರೆ ದಕ್ಷಿಣದ ಜನ. ಉತ್ತರದ ನೆರೆಯವರು ನಾರ್ಫೊಕ್. ಪೂರ್ವಕಾಲದಲ್ಲಿ ಇವೆರಡೂ ಈಸ್ಟ್ ಆಂಗ್ಲಿಯಾ ಎಂಬ ರಾಜ್ಯಕ್ಕೆ ಸೇರಿದ್ದವು.

ಆರ್ವೆಲ್ ನದಿಯ ದಡದ ಇಪ್ಸ್‌ವಿಚ್ ಈ ಸೀಮೆಯ ಮುಖ್ಯ ಪಟ್ಟಣ. 1200ರಲ್ಲಿ ಜಾನ್ ದೊರೆಯು ಇದಕ್ಕೆ ಸನದನ್ನು ಕೊಟ್ಟನು. ಅದೇ ವರ್ಷ ಪುರಜನರು ಇಗರ್ಜಿಯ ಅಂಗಳದಲ್ಲಿ ನೆರೆದು, ಊರಿನ ಕಾರ್ಯಭಾರಕ್ಕೆ ಇಬ್ಬರು ಅಧಿಕಾರಿಗಳನ್ನು ತಾವೇ ಆರಿಸಿಕೊಂಡರು.

ಪಶ್ಚಿಮದ ಬರಿ ಸೇಂಟ್ ಎಡ್ಮಂಡ್ಸ್ ಪಟ್ಟಣಕ್ಕೆ ಈ ಭಾಗ್ಯವು ಸುಲಭವಾಗಿ ಒದಗಲಿಲ್ಲ. 869ರಲ್ಲಿ ಡೇನರ ಕೈಯಲ್ಲಿ ಹತನಾದ ಎಡ್ಮಂಡ್ ದೊರೆಯನ್ನು ಜನರು ಸಂತನೆಂದು ಪೂಜಿಸಿದರು. ಅವನ ಸಮಾಧಿಯಿದ್ದ ಸ್ಥಳದಲ್ಲಿ 1020ರಲ್ಲಿ ಮಠವನ್ನು ಸ್ಥಾಪಿಸಿದವನು ಡೇನರ ದೊರೆಯಾದ ಕನೂಟನೇ ಎಂಬುದು ವಿಚಿತ್ರ. ಮಠವು ಬೆಳೆದಂತೆ ಊರೆಲ್ಲವೂ ಮಠಾಧಿಪತಿಯ ವಶವಾಯಿತು. 1327ರಲ್ಲಿ ಪುರಜನರು ದಂಗೆಯೆದ್ದು ಮಠಕ್ಕೆ ನುಗ್ಗಿ ಹಕ್ಕುಪತ್ರವನ್ನು ಬಲಾತ್ಕಾರದಿಂದ ಬರೆಯಿಸಿಕೊಂಡರು. ಆದರೆ ಅದು ನಿಲ್ಲಲಿಲ್ಲ. 1539ರಲ್ಲಿ ಎಂಟನೆಯ ಹೆನ್ರಿಯ ಕಾಲಕ್ಕೆ ಮಠವೇ ಅಳಿಯಿತು. ಆದರೂ ಊರಿಗೆ ಸ್ವಾಡಳಿತದ ಸನದು ದೊರೆತುದು 1606ರಲ್ಲಿ. ಮಠದ ಪಾಳುಗೋಡೆಗಳ ನಡುವೆ ಕಟ್ಟಿದ ಮನೆಗಳನ್ನು ಇಂದಿಗೂ ನೋಡಬಹುದು.

ಲಾವೆನ್‌ಹ್ಯಾಮ್ ಉಣ್ಣೆಯ ಬಟ್ಟೆಯಿಂದ ಐಶ್ವರ್ಯವನ್ನು ಪಡೆದ ಊರು. 1524ರ ತೆರಿಗೆಯ ಲೆಕ್ಕದಲ್ಲಿ ಇದು ದೇಶದ ಅತಿ ಶ್ರೀಮಂತ ಊರುಗಳ ಸಾಲಿನಲ್ಲಿದ್ದಿತು. ಮರುವರ್ಷವೇ ಫ್ರಾನ್ಸಿನ ಯುದ್ಧಕ್ಕಾಗಿ ಹೊಸ ತೆರಿಗೆಯನ್ನು ಹೇರಿದರು. ಅದನ್ನು ವಿಧಿಸಿದ ಮಂತ್ರಿ ಕಾರ್ಡಿನಲ್ ವುಲ್ಸಿ ಇದೇ ಸೀಮೆಯ ಇಪ್ಸ್‌ವಿಚ್ಚಿನಲ್ಲಿ ಹುಟ್ಟಿದವನು. ಬಟ್ಟೆಯ ವರ್ತಕರು ತೆರಿಗೆಯ ಭಾರದಿಂದ ನೇಕಾರರಿಗೆ ಕೆಲಸವನ್ನು ನಿಲ್ಲಿಸಲು, ಸಾವಿರಾರು ಜನರು ಲಾವೆನ್‌ಹ್ಯಾಮಿನಲ್ಲಿ ಕೂಡಿದರು. ನಿಮ್ಮ ನಾಯಕನು ಯಾರೆಂದು ಪ್ರಭುಗಳು ಕೇಳಲು, ಬಡತನವೇ ತಮ್ಮ ನಾಯಕನೆಂದು ಅವರಲ್ಲೊಬ್ಬನು ಉತ್ತರವಿತ್ತನೆಂದು ಆ ಕಾಲದ ವೃತ್ತಾಂತದಲ್ಲಿದೆ. ದೊರೆಯು ತೆರಿಗೆಯನ್ನು ಕೈಬಿಟ್ಟನು. ಮುಂದೆ ನೇಯ್ಗೆಯು ಕ್ಷೀಣಿಸಿತು. ಹಳೆಯ ಮನೆಗಳನ್ನು ಕೆಡವಿ ಹೊಸದಾಗಿ ಕಟ್ಟುವಷ್ಟು ಹಣವಿಲ್ಲದುದರಿಂದಲೇ ಅಲ್ಲಿಯ ಮರದ ಚೌಕಟ್ಟಿನ ಮನೆಗಳು ಇಂದಿಗೂ ಉಳಿದಿವೆ.

ಕಡಲತೀರದ ಡನಿಚ್ಚಿನ ಕಥೆಯು ಇವೆಲ್ಲಕ್ಕಿಂತ ಶೋಚನೀಯ. ಒಮ್ಮೆ ಅದು ಹೆಸರಾಂತ ಬಂದರು. ಅಲ್ಲಿಯ ಉಳುಮೆಯ ಭೂಮಿಯನ್ನು ಸಮುದ್ರವು ಕೊಚ್ಚಿಕೊಂಡು ಹೋದ ಸಂಗತಿಯು 1086ರ ಡೂಮ್ಸ್‌ಡೇ ಲೆಕ್ಕದಲ್ಲಿಯೇ ಇದೆ. 1286ರಲ್ಲಿಯೂ 1328ರಲ್ಲಿಯೂ ಎದ್ದ ಬಿರುಗಾಳಿಗಳಿಂದ ಬೀದಿಗಳು ಕಡಲ ಪಾಲಾದವು. ಬಂದರಿನ ಬಾಯಿ ಹೂತುಹೋಯಿತು. ಇಗರ್ಜಿಗಳು ಒಂದೊಂದಾಗಿ ಕುಸಿದವು. ಕೊನೆಯದಾದ ಸರ್ವಸಂತರ ಇಗರ್ಜಿಯೂ 20ನೆಯ ಶತಮಾನದ ಮೊದಲಲ್ಲಿ ಬಂಡೆಯಂಚಿನಿಂದ ಕೆಳಗುರುಳಿತು.

ಆದರೆ ಊರು ಹೋದರೂ ಅದರ ಹಕ್ಕು ಹೋಗಲಿಲ್ಲ. ಕೆಲವೇ ಮನೆಗಳು ಉಳಿದಿದ್ದ ಡನಿಚ್ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳುಹಿಸುತ್ತಲೇ ಇದ್ದಿತು. ಅದೇ ಕಾಲಕ್ಕೆ ದೊಡ್ಡ ನಗರವಾಗಿ ಬೆಳೆದಿದ್ದ ಮ್ಯಾಂಚೆಸ್ಟರಿಗೆ ಒಬ್ಬ ಸದಸ್ಯನೂ ಇರಲಿಲ್ಲ. 1832ರ ಸುಧಾರಣಾ ಶಾಸನವು ಈ ಅನ್ಯಾಯವನ್ನು ಕೊನೆಗಾಣಿಸಿತು. ಬರಿಯ ಜನರು ಹಕ್ಕಿಗಾಗಿ ಶತಮಾನಗಳ ಕಾಲ ಹೋರಾಡಿದರು. ಡನಿಚ್ಚಿನಲ್ಲಿ ಜನರಿಲ್ಲದೆಯೂ ಹಕ್ಕು ಉಳಿದಿದ್ದಿತು. ಒಂದೇ ಸೀಮೆಯ ಈ ಎರಡು ಊರುಗಳನ್ನು ಜೊತೆಯಾಗಿ ನೋಡಿದವರಿಗೆ, ಸನದಿನ ಅಕ್ಷರಕ್ಕೂ ಪ್ರಜೆಗಳ ಬಾಳಿಗೂ ಇರುವ ಅಂತರವು ಚೆನ್ನಾಗಿ ಮನದಟ್ಟಾಗುತ್ತದೆ.