ಗರಡಿಯ ಮಣ್ಣು, ಖುರಾಕಿನ ಋಣ

ಗೋವಿನಕೋವಿ ಗ್ರಾಮವನ್ನು ಒಳಗೊಂಡ ಹೊನ್ನಾಳಿ–ನ್ಯಾಮತಿ ಸೀಮೆಯಲ್ಲಿ, ಮಧ್ಯ ಕರ್ನಾಟಕದ ಉಳಿದ ಭಾಗಗಳಂತೆಯೇ, ಬಡವರ ಗಂಡುಮಕ್ಕಳಿಗೆ ಬಹುಕಾಲ ಕೈಗೆಟುಕುವಂತಿದ್ದ ಕ್ರೀಡಾವಿದ್ಯೆಯೆಂದರೆ ಕುಸ್ತಿ. ಲಂಗೋಟಿಯೊಂದನ್ನು ಬಿಟ್ಟರೆ ಅದಕ್ಕೆ ಬೇಕಾದ ಮಿಕ್ಕೆಲ್ಲವೂ ಊರಿನ ಸ್ವತ್ತಾಗಿದ್ದವು: ಗರಡಿಮನೆ, ಎಣ್ಣೆ–ಮಜ್ಜಿಗೆ–ಅರಿಸಿನ ಬೆರೆಸಿ ಹದಮಾಡಿದ ಕೆಮ್ಮಣ್ಣಿನ ಮಟ್ಟಿ, ಎತ್ತುವ ಗುಂಡುಕಲ್ಲು, ಪಟ್ಟುಗಳನ್ನು ಹೇಳಿಕೊಡುವ ಗುರುವಾದ ವಸ್ತಾದ.

ಹೊಲದ ದುಡಿಮೆಯೇ ಪೈಲ್ವಾನನನ್ನು ತಯಾರಿಸಿತೆಂಬ ಮಾತು ರೂಢಿಯಲ್ಲಿದ್ದರೂ ಅದು ಅರ್ಧಸತ್ಯ. ಮೂಟೆ ಹೊರುವ, ನೇಗಿಲು ಹಿಡಿಯುವ ದೇಹಕ್ಕೆ ಹಿಡಿತವೂ ತಾಳಿಕೆಯೂ ಬರುತ್ತವೆ, ನಿಜ. ಆದರೆ ಎದುರಾಳಿಯ ತೂಕ ಯಾವ ಕಾಲಿಗೆ ಜಾರಿತೆಂದು ಅರಿತು ಆ ಕ್ಷಣಕ್ಕೇ ಪಟ್ಟು ಹಾಕುವ ಜಾಣ್ಮೆ ಬರುವುದು ವರ್ಷಗಟ್ಟಲೆ ಜೋಡಿಯೊಂದಿಗೆ ಮಾಡಿದ ಸಾಮಿನಿಂದ, ಅಂದರೆ ನಿತ್ಯದ ಅಭ್ಯಾಸದಿಂದ. ಸುಗ್ಗಿಯಲ್ಲಿ ಕೂಲಿಗೆ ಹೋಗಲೇಬೇಕಾದವನ ಸಾಮು ತಪ್ಪುತ್ತಿತ್ತು, ದಣಿದ ದೇಹಕ್ಕೆ ಹಾಲು, ತುಪ್ಪ, ಬಾದಾಮಿಯ ಖುರಾಕು, ಅಂದರೆ ಪೈಲ್ವಾನನ ಪುಷ್ಟಿಯ ಆಹಾರ, ಸಿಗುತ್ತಿರಲಿಲ್ಲ. ಬಡತನ ಕಸಿದುಕೊಂಡದ್ದು ಮುಖ್ಯವಾಗಿ ಈ ಎರಡನ್ನೇ: ಹೊತ್ತು ಮತ್ತು ಅನ್ನ.

ಈ ಕೊರತೆಯನ್ನು ಹಳೆಯ ಅರಸರು ಬಲ್ಲವರಾಗಿದ್ದರು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮಲ್ಲವಿನೋದ ಭಾಗವು ಮಲ್ಲರನ್ನು ವರ್ಗೀಕರಿಸಿ, ಅವರ ವ್ಯಾಯಾಮದ ಜೊತೆಗೆ ಆಹಾರವನ್ನೂ ವಿವರಿಸುತ್ತದೆ, ಅಲ್ಲಿ ಮಲ್ಲನ ಊಟ ಅರಮನೆಯ ಹೊಣೆ. ಕೊಲ್ಲಾಪುರದ ಶಾಹು ಮಹಾರಾಜರು ಪೈಲ್ವಾನರನ್ನು ಪೋಷಿಸಿ ಖಾಸಬಾಗ್ ಮೈದಾನವನ್ನು ಕಟ್ಟಿಸಿದ್ದರ ಹಿಂದೆಯೂ ಇದೇ ತಿಳಿವಳಿಕೆಯಿತ್ತು. ಸಂಸ್ಥಾನಗಳು ಅಳಿದ ಮೇಲೆ ಪೋಷಣೆಯ ಭಾರ ಜಾತ್ರೆಗಳ ಮೇಲೆ ಬಿತ್ತು. ದಾವಣಗೆರೆಯ ದುರ್ಗಾಂಬಿಕೆಯ ಜಾತ್ರೆಯಂಥ ಸಂದರ್ಭಗಳ ಬಯಲು ಕುಸ್ತಿಯಲ್ಲಿ ಗೆದ್ದವನಿಗೆ ಹಣ, ಬೆಳ್ಳಿಯ ಗದೆ ಸಿಗುತ್ತಿದ್ದವಾದರೂ, ವರ್ಷದ ಕೆಲವೇ ದಿನ ಬರುವ ಬಹುಮಾನ ದಿನನಿತ್ಯದ ಹಾಲಿಗೆ ಸಾಲುವಂಥದ್ದಲ್ಲ.

ಬಡತನದ ಗುರುತು ಕೌಶಲದ ಸ್ವರೂಪದಲ್ಲಿಯೂ ಉಳಿಯಿತು, ಏಕೆಂದರೆ ಬಡವನಿಗೆ ದಕ್ಕಿದ್ದು ಊರಿನ ಮಟ್ಟಿಯೇ ಹೊರತು ಇಂದಿನ ಸ್ಪರ್ಧೆಗಳ ಮೆತ್ತನೆಯ ಹಾಸಾದ ಮ್ಯಾಟಲ್ಲ. ಮಟ್ಟಿಯಲ್ಲಿ ಕಾಲು ಹೂಳುವುದರಿಂದ ಚಲನೆ ನಿಧಾನ, ಬಿಗಿಹಿಡಿತವೇ ಪ್ರಧಾನ, ಬೆನ್ನು ನೆಲಕ್ಕೆ ತಾಗಿ ಚಿತ್ ಆದಾಗಲೇ ಸೋಲು; ಮ್ಯಾಟಿನ ಮೇಲಾದರೋ ಮೂರು ಮೂರು ನಿಮಿಷಗಳ ಎರಡು ಸುತ್ತುಗಳಲ್ಲಿ ಅಂಕ ಗಳಿಸಬೇಕಾದ್ದರಿಂದ ಕಾಲಿಗೆ ಎರಗುವ ವೇಗವೇ ಬಂಡವಾಳ. ಮಣ್ಣಿನಲ್ಲಿ ಪಳಗಿದ ಕುಸ್ತಿಪಟು ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಮ್ಯಾಟಿಗೆ ಹೊಸಬರಾಗಿಯೂ ಆರನೆಯವರಾದರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿಗೆ ಅವರನ್ನು ಕಳಿಸಲು ಕೊಲ್ಲಾಪುರದ ರಾಜಾರಾಮ್ ಕಾಲೇಜಿನ ಪ್ರಾಂಶುಪಾಲ ಖರ್ಡೇಕರ್ ತಮ್ಮ ಮನೆಯನ್ನೇ ಅಡವಿಟ್ಟರು, ಕಂಚಿನ ಪದಕ ಬಂತು. ಅಂಥ ಪೋಷಕರು ಸಿಗದೆ ಊರಲ್ಲೇ ಉಳಿದ ಪ್ರತಿಭೆಗಳ ಹೆಸರು ಯಾವ ದಾಖಲೆಯಲ್ಲೂ ಇಲ್ಲ, ಇದು ಈ ಇತಿಹಾಸದ ಅತ್ಯಂತ ನೋವಿನ ಭಾಗ.

ದಾವಣಗೆರೆಯ ಸರ್ಕಾರಿ ಕ್ರೀಡಾ ವಸತಿನಿಲಯ ಕುಸ್ತಿಪಟುಗಳಿಗೆ ಊಟ, ಮ್ಯಾಟು, ತರಬೇತುದಾರ ಮೂರನ್ನೂ ಒಂದೇ ಸೂರಿನಡಿ ಒದಗಿಸಿ, ಪೋಷಣೆ ಸಿಕ್ಕವರ ಮತ್ತು ಸಿಗದವರ ನಡುವಿನ ಅಂತರವನ್ನು ಸ್ವಲ್ಪ ತಗ್ಗಿಸಿದೆ. 2004ರಲ್ಲಿ ಮಹಿಳಾ ಕುಸ್ತಿ ಒಲಿಂಪಿಕ್ಸಿಗೆ ಸೇರಿದ ಮೇಲಂತೂ ಮ್ಯಾಟಿನ ಮಹತ್ವ ಹೆಚ್ಚಿದೆ; ಗರಡಿಯ ಮಟ್ಟಿಗೆ ಹೆಣ್ಣುಮಕ್ಕಳು ಇಳಿಯುವಂತಿರಲಿಲ್ಲವಾದ್ದರಿಂದ, ಬಡ ಮನೆಯ ಹುಡುಗಿಗೆ ಈ ವಿದ್ಯೆಯ ದಾರಿ ತೆರೆಯುವುದು ಶಾಲೆಯಿಂದ ಮತ್ತು ಇಂಥ ಸಾರ್ವಜನಿಕ ಕೇಂದ್ರಗಳಿಂದ ಮಾತ್ರ.